ಏರಿ ಮೇಲೆ ಏಳು ಜನ



ಓಡೋದು ನಮಗೆ ಹೊಸದಲ್ಲ. ಓಡಿಸಿಕೊಂಡು ಬಂದವರೇ ನಾವು. ಯಾರದೋ ತೋಟದಲ್ಲಿ ಉದುರಿದ ಮಾವಿನಕಾಯಿ ಲಂಗೋಟಿಗೆ ಕಟ್ಟಿಕೊಂಡು ಓಡಿದ್ದೇವೆ. ಸಾಲ ಕೇಳೋಕೆ ಬಂದವನ ಸೈಕಲ್ಲು ಕಂಡು ಹಿತ್ತಲ ದಾರಿ ಹಿಡಿದು ಓಡಿದ್ದೇವೆ. ಬೆಂಗಳೂರಿನ ಕೂಲಿಗೆ ಹೋಗೋ ರೈಲು ತಪ್ಪಬಾರದೆಂದು ಬುತ್ತಿ ಚೀಲ ಎದೆಗೆ ಅವುಚಿಕೊಂಡು ನಮ್ಮ ಕೋಲಾರ ಸೀಮೆಯ ಜನ ಇವತ್ತಿಗೂ ಓಡುತ್ತಾರೆ. ಆದರೆ ಯಾರೂ ಅಟ್ಟಿಸಿಕೊಂಡು ಬಾರದೆ, ಎಲ್ಲಿಗೂ ಹೋಗಬೇಕಾಗಿಲ್ಲದೆ, ಕೂಲಿಯೂ ಸಿಕ್ಕದೆ, ಮೇಲಿಂದ ನಾವೇ ದುಡ್ಡು ಕಟ್ಟಿ 42 ಕಿಲೋಮೀಟರ್ 195 ಮೀಟರ್ ಓಡುವುದು ಹೊಸದು. ಇದನ್ನು ಕೇಳಿ ನಮ್ಮ ಕೇರಿಯ ಅಜ್ಜಿಯೊಬ್ಬಳು, 'ಯಾಕ್ರಲಾ, ದೆವ್ವ ಏನಾರ ಮೆಟ್ಕೊಂಡೈತಾ?' ಅಂದಳು. ಆಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗ ಅರ್ಧ ಉತ್ತರ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಾವು ಏಳು ಜನ. ಕರೆಂಟು ಕಂಬ ಹತ್ತುವ ಲೈನ್‌ಮನ್ ಅಣ್ಣ. ಪ್ರೈಮರಿ ಸ್ಕೂಲಿನ ಮೇಷ್ಟ್ರು. ಆಟೋ ಓಡಿಸುವವನೊಬ್ಬ. ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು. ಕಾಲೇಜು ಹುಡುಗರಿಬ್ಬರು. ಮತ್ತೆ ಪಟ್ಟಣದ ಬೀದಿ ಗುಡಿಸುವ ನಮ್ಮ ಅಕ್ಕ. ಇದು ಯಾವ ಸಂಘವೂ ಅಲ್ಲ, ಬೋರ್ಡೂ ಇಲ್ಲ, ಅಧ್ಯಕ್ಷರೂ ಇಲ್ಲ. ಹುಡುಗರಲ್ಲೊಬ್ಬ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಟ್ಟಬೇಕೆಂದು ಕೆರೆ ಏರಿ ಮೇಲೆ ಓಡುತ್ತಿದ್ದ. ಜೊತೆಗೆ ಒಬ್ಬ ಸೇರಿದ, ಆಮೇಲೆ ಇನ್ನೊಬ್ಬ. ಹಾಗೆ ಆದದ್ದು.

ನಮ್ಮ ಕೆರೆಯ ಮಾತೊಂದಿಷ್ಟು ಹೇಳಬೇಕು. ನಾವು ಸಣ್ಣವರಾಗಿದ್ದಾಗ ಅದು ಹೆಸರಿಗಷ್ಟೇ ಕೆರೆ. ಒಳಗೆ ಜಾಲಿ ಬೆಳೆದು, ಉಳಿದ ಕಡೆ ನಾವು ಕ್ರಿಕೆಟ್ ಆಡುತ್ತಿದ್ದೆವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿತು. ಬೆಂಗಳೂರಿನವರು ಬಳಸಿ ಬಿಟ್ಟದ್ದು, ಶುದ್ಧ ಮಾಡಿ ನಮಗೆ ಬಂದದ್ದು. ನಮ್ಮ ಜನ ಬೆಂಗಳೂರಿಗೆ ಬೆವರು ಕಳಿಸ್ತಾರೆ, ಬೆಂಗಳೂರು ನಮಗೆ ಬಚ್ಚಲ ನೀರು ಕಳಿಸುತ್ತೆ ಅಂತ ಆಟೋದವನು ನಗುತ್ತಾನೆ. ಅದೇನೇ ಇರಲಿ, ಏರಿ ಪಕ್ಕದಲ್ಲಿ ಈಗ ನೀರಿದೆ, ಕೊಕ್ಕರೆಗಳಿವೆ, ಬೆಳಗಿನ ಜಾವ ತಂಗಾಳಿ ಇದೆ. ಏರಿಯ ಈ ತುದಿಯಿಂದ ಆ ತುದಿಗೆ ಹೋಗಿ ಬಂದರೆ ಮೂರೂವರೆ ಕಿಲೋಮೀಟರ್. ಹನ್ನೆರಡು ಸಲ ಹೋಗಿ ಬಂದರೆ 42. ಮಿಕ್ಕ 195 ಮೀಟರು ತೂಬಿನಿಂದ ಮುನೇಶ್ವರನ ಕಲ್ಲಿನ ತನಕ. ಈ ಲೆಕ್ಕ ಹಾಕಿದವನು ಲೈನ್‌ಮನ್ ಅಣ್ಣ. 'ಹನ್ನೆರಡೇ ಸಲ ಕಣ್ರೋ' ಅಂದ. ಹನ್ನೆರಡು ಅಂದಾಗ ಸಣ್ಣದಾಗಿ ಕಂಡಿತು. ಮೋಸ ಹೋದೆವು.

ಆ 195 ಮೀಟರು ಯಾಕೆ ಅಂತ ಹುಡುಗರು ಕೇಳಿದರು. ಮೇಷ್ಟ್ರು ಹೇಳಿದರು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟ ವಿಂಡ್ಸರ್ ಅರಮನೆಯ ಹತ್ತಿರ ಶುರುವಾಗಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಮುಂದೆ ಮುಗಿಯಿತು. ಆ ದೂರವನ್ನೇ 1921ರಲ್ಲಿ ಎಲ್ಲರಿಗೂ ಅಳತೆ ಮಾಡಿಬಿಟ್ಟರು. ಅಂದರೆ ಯಾವುದೋ ದೊರೆ ಕೂತ ಕುರ್ಚಿಗಾಗಿ ನಮ್ಮ ಮೀನಖಂಡ ಇವತ್ತಿಗೂ ಬಿಟ್ಟಿ ದುಡಿಯುತ್ತಿದೆ! ಅದಕ್ಕೂ ಮೊದಲು 1896ರಲ್ಲಿ ಅಥೆನ್ಸ್‌ನಲ್ಲಿ ನಡೆದ ಮೊದಲನೇ ಒಲಿಂಪಿಕ್ ಮ್ಯಾರಥಾನು ಸುಮಾರು 40 ಕಿಲೋಮೀಟರಿನದು. ಗೆದ್ದವನು ಸ್ಪಿರಿಡಾನ್ ಲೂಯಿಸ್. ಅಪ್ಪನ ಜೊತೆ ಊರಿಂದ ಅಥೆನ್ಸಿಗೆ ನೀರು ಸಾಗಿಸಿ ಮಾರುತ್ತಿದ್ದವನು. ಇದು ಕೇಳಿ ನಮ್ಮ ಅಕ್ಕ, 'ನೀರು ಹೊತ್ತೋನು ಗೆಲ್ದೆ ಇನ್ಯಾರು ಗೆಲ್ತಾರೆ' ಅಂದಳು.

ಇನ್ನೊಂದು ಕತೆ ನಮ್ಮನ್ನು ಬೇರೆ ಥರ ಕಾಡಿತು. ಗ್ರೀಕರು ಮ್ಯಾರಥಾನಿನ ಬಯಲಲ್ಲಿ ಯುದ್ಧ ಗೆದ್ದರಂತೆ. ಓಟಗಾರನೊಬ್ಬ ಆ ಸುದ್ದಿ ಹೊತ್ತು ಅಥೆನ್ಸಿಗೆ ಓಡಿಬಂದು, ಗೆದ್ದೆವು ಅಂದು ಸತ್ತುಬಿದ್ದನಂತೆ. ಯುದ್ಧ ನಡೆದು ಎಷ್ಟೋ ಶತಮಾನವಾದ ಮೇಲೆ ಬರೆದ ಕತೆ ಅದು, ನಂಬುವ ಹಾಗಿಲ್ಲ ಅಂತ ಮೇಷ್ಟ್ರು ಹೇಳಿದರು. ಲೈನ್‌ಮನ್ ಅಣ್ಣ ಮಾತ್ರ ನಂಬಿದ. ಅವನ ತಾತ ತೋಟಿ. ಊರ ದೊಡ್ಡ ಮನೆಗಳಲ್ಲಿ ಹೆಣ ಬಿದ್ದರೆ ಸುತ್ತಿನ ಹಳ್ಳಿಗಳ ನೆಂಟರಿಗೆಲ್ಲ ಸುದ್ದಿ ಮುಟ್ಟಿಸುವುದು ಅವನ ಪಾಲಿನ ಚಾಕರಿ. ಮಳೆಯಿರಲಿ, ಜ್ವರವಿರಲಿ, ರಾತ್ರಿಯಿರಲಿ, ಓಡಬೇಕು. ತಡವಾದರೆ ಹೆಣ ಎತ್ತುವುದು ತಡ. ತಡವಾದರೆ ಬೈಗುಳ, ಏಟು. ಹೋದ ಮನೆಯ ಬಾಗಿಲಿಂದಾಚೆ ನಿಂತು ಕೂಗಿ ಹೇಳಬೇಕು. ಉಸಿರು ಕಟ್ಟಿ ಬಂದವನು ನೀರು ಕೇಳಿದರೆ ಬೊಗಸೆಗೆ ಮೇಲಿಂದ ಹುಯ್ಯೋರು. 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನೆಲ್ಲ ರದ್ದು ಮಾಡಿತು. ತಾತನಿಗೆ ಆ ಸುದ್ದಿಯನ್ನು ಯಾರೂ ಓಡಿಬಂದು ಹೇಳಲಿಲ್ಲ. ಅವನು ಆಮೇಲೂ ಎಷ್ಟೋ ವರ್ಷ ಓಡಿದ. ಅವನ ಹೆಸರಿನ ಪದಕ ಯಾವ ಗೋಡೆಯ ಮೇಲೂ ಇಲ್ಲ.

ಅಕ್ಕ ಬಂದ ಬಗೆ ಬೇರೆ. ಅವಳಿಗೆ 44 ವರ್ಷ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ, ಡಾಕ್ಟರು ದಿನಾ ವಾಕಿಂಗ್ ಮಾಡಮ್ಮ ಅಂದರಂತೆ. 'ಹದಿನೆಂಟು ವರ್ಷದಿಂದ ಬೆಳಗಾನೆ ಎದ್ದು ಬೀದಿ ಬೀದಿ ನಡೀತಾನೆ ಇವ್ನಿ ಸಾಮಿ, ಇನ್ನೆಲ್ಲಿಗೆ ನಡೀಲಿ' ಅಂತ ಕೇಳಿ ಬಂದವಳು, ಒಂದು ದಿನ ಏರಿ ಮೇಲೆ ನಮ್ಮನ್ನು ಕಂಡು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಬಂದೇಬಿಟ್ಟಳು. ಆವತ್ತು ಅರ್ಧ ಏರಿಗೆ ಉಸಿರು ಬಿಟ್ಟು ಕೂತಳು. ಕೂತು ನಕ್ಕಳು. 'ಬಗ್ಗಿ ನಡಿಯೋದು ಬೇರೆ, ಎದ್ದು ಓಡೋದು ಬೇರೆ ಕಣಪ್ಪ' ಅಂದಳು. ಅವಳ ಕೆಲಸ ಶುರುವಾಗುವುದು ಬೆಳಿಗ್ಗೆ ಐದೂವರೆಗೆ. ಅವಳಿಗಾಗಿ ನಮ್ಮ ಓಟವನ್ನು ಮೂರೂಮುಕ್ಕಾಲಿಗೆ ಹಾಕಿಕೊಂಡೆವು. ಇಷ್ಟಕ್ಕೇ ನಾವು ದೊಡ್ಡ ಸಮಾನತೆ ಸಾಧಿಸಿದವರ ಹಾಗೆ ಬೀಗಿದೆವು. ಅದರ ಬಣ್ಣ ಮುಂದೆ ಬಯಲಾಯಿತು.

ಬೆಂಗಳೂರಿನ ಮ್ಯಾರಥಾನಿಗೆ ಹದಿನೆಂಟು ವಾರ ಇರುವಾಗ ಚೀಟಿ ಶುರು ಮಾಡಿದೆವು. ವಾರಕ್ಕೆ ತಲೆಗೆ ನೂರು ರೂಪಾಯಿ. ಹದಿನೆಂಟು ವಾರಕ್ಕೆ ಸಾವಿರದೆಂಟುನೂರು. ಓಟದ ಶುಲ್ಕ, ರೈಲು, ಒಂದು ಹೊತ್ತಿನ ಊಟ ಅದರಲ್ಲೇ. ಬೂಟಿನ ಖರ್ಚು ಬೇರೆ. ಬೂಟಿನ ವಿಚಾರಕ್ಕೆ ಪಟ್ಟಣದ ಹಿರಿಯರೊಬ್ಬರು ನಮಗೆ ಬುದ್ಧಿ ಹೇಳಿದರು: 'ನಿಮಗ್ಯಾಕ್ರಪ್ಪ ಬೂಟು, ನಿಮಗೆ ಬರಿಗಾಲು ಅಭ್ಯಾಸ ಅಲ್ವಾ? ಆ ಆಫ್ರಿಕಾದೋನು ಬರಿಗಾಲಲ್ಲೇ ಗೆಲ್ಲಲಿಲ್ವಾ?' ಹೌದು, ಇಥಿಯೋಪಿಯದ ಅಬೆಬೆ ಬಿಕಿಲ 1960ರಲ್ಲಿ ರೋಮಿನಲ್ಲಿ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದ. ಯಾವ ಇಟಲಿಯ ಸೈನ್ಯ ಅವನ ದೇಶವನ್ನು ತುಳಿದಿತ್ತೋ ಆ ಇಟಲಿಯ ರಾಜಧಾನಿಯಲ್ಲೇ, ಅವನ ನಾಡಿನಿಂದ ಹೊತ್ತೊಯ್ದಿದ್ದ ಆಕ್ಸುಮ್ ಸ್ತಂಭದ ಮುಂದೆಯೇ ಓಡಿ ಗೆದ್ದ. ಆದರೆ ಅವತ್ತು ಅವನು ಬೂಟು ಬಿಟ್ಟದ್ದು ಕೊಟ್ಟ ಬೂಟು ಕಾಲಿಗೆ ಒಗ್ಗದೆ ಇದ್ದದ್ದಕ್ಕೆ. ನಾಲ್ಕು ವರ್ಷದ ಮೇಲೆ, 1964ರಲ್ಲಿ, ಟೋಕಿಯೋದಲ್ಲಿ ಅದೇ ಬಿಕಿಲ ಬೂಟು ಹಾಕಿಕೊಂಡು ಓಡಿದ. ಮೊದಲಿಗಿಂತ ಮೂರು ನಿಮಿಷ ಬೇಗ ಮುಟ್ಟಿ ಮತ್ತೆ ಚಿನ್ನ ಗೆದ್ದ. ಇದನ್ನು ಆ ಹಿರಿಯರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಹಿರೀಕರು ಊರೊಳಗೆ ಹೋಗುವಾಗ ಎಕ್ಕಡ ಕಳಚಿ ಕೈಯಲ್ಲಿ ಹಿಡಿದು ಹೋಗಬೇಕಿತ್ತು. ತಾನೇ ಬಿಟ್ಟ ಬರಿಗಾಲು ಬೇರೆ, ಬಿಡಿಸಿದ ಬರಿಗಾಲು ಬೇರೆ. ನಾವು ಬೂಟು ಕೊಂಡೆವು. ಇಬ್ಬರು ಕಂತಿನಲ್ಲಿ ಕೊಂಡರು. ಅಕ್ಕ ಬೂಟನ್ನು ಮೊದಲ ದಿನ ಮನೆಯೊಳಗೆ ಹಾಕಿಕೊಂಡು ಸಂಜೆತನಕ ತಿರುಗಾಡಿದಳಂತೆ.

ನಮ್ಮ ಮೇಷ್ಟ್ರಿಗೆ ನಮ್ಮವರ ಕತೆಯೂ ಗೊತ್ತು. ಬೆಳಗಾವಿ ಸೀಮೆಯ ಫಡೆಪ್ಪ ಚೌಗುಲೆ 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿ 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವನಾಗಿ ಬಂದ. ಬಿಹಾರದ ರೈತರ ಮಗ, ಸೈನಿಕ ಶಿವನಾಥ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ 11ನೆಯವನಾದ. 1978ರಲ್ಲಿ ಜಲಂಧರಿನಲ್ಲಿ ಅವನು ಓಡಿದ 2 ಗಂಟೆ 12 ನಿಮಿಷ ನಲವತ್ತು ವರ್ಷ ದಾಟಿದರೂ ದೇಶದ ದಾಖಲೆಯಾಗಿಯೇ ಉಳಿದಿತ್ತು. ನಮ್ಮ ಶಾಲೆಯ ಯಾವ ಪುಸ್ತಕದಲ್ಲೂ ನಾವು ಈ ಹೆಸರು ಓದಿರಲಿಲ್ಲ. ಓದಿದ ಮೇಷ್ಟ್ರುಗಳು ಮಕ್ಕಳಿಗೆ ಹೇಳಿ.

ಕಲಿತದ್ದನ್ನೂ ಇಲ್ಲೇ ಬರೆದಿಡುತ್ತೇವೆ, ನಿಮ್ಮೂರ ಏರಿಗೆ ಬೇಕಾದೀತು. ವಾರಕ್ಕೆ ನಾಲ್ಕು ದಿನ ಓಟ ಸಾಕು. ಅದರಲ್ಲಿ ಭಾನುವಾರದ್ದು ಉದ್ದ ಓಟ. ಉದ್ದ ಓಟದಲ್ಲಿ ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನ ಓಡಬೇಕು. ಮಾತು ನಿಂತರೆ ವೇಗ ಜಾಸ್ತಿಯಾಯಿತು ಅಂತ. ನಾವು 10 ಕಿಲೋಮೀಟರಿನಿಂದ ಶುರು ಮಾಡಿ ವಾರ ವಾರ ಒಂದೆರಡು ಕಿಲೋಮೀಟರ್ ಏರಿಸಿ, ನಾಲ್ಕನೇ ವಾರ ಇಳಿಸಿ, ಮತ್ತೆ ಏರಿಸಿ 32ರ ತನಕ ಹೋದೆವು. ಕೊನೆಯ ಮೂರು ವಾರ ಕಡಿಮೆ ಮಾಡಿ ಕಾಲಿಗೆ ರಜೆ ಕೊಟ್ಟೆವು. ನಮ್ಮ ಮೈಯಲ್ಲಿ, ಅಂದರೆ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಮತ್ತೆ ಸ್ನಾಯುಗಳಲ್ಲಿ, ಕೂಡಿಟ್ಟ ಸಕ್ಕರೆಯ ಗಂಟು ಸುಮಾರು 30 ಕಿಲೋಮೀಟರಿಗೆ ಬರಿದಾಗುತ್ತದೆ. ಆಮೇಲೆ ಎದುರಿಗೆ ಗೋಡೆ ಎದ್ದ ಹಾಗೆ ಕಾಲು ನಿಲ್ಲುತ್ತದೆ. ಅದಕ್ಕೆ ದಾರಿಯಲ್ಲೇ ತಿನ್ನಬೇಕು. ಅಂಗಡಿಯಲ್ಲಿ ಮಾರುವ ದುಬಾರಿ ಅಂಟಿನ ಬದಲು ನಾವು ಬೆಲ್ಲದ ಅಚ್ಚು, ಕಡಲೆಕಾಯಿ ಚಿಕ್ಕಿ, ಬಾಳೆಹಣ್ಣು ಕಟ್ಟಿಕೊಂಡೆವು. ಉಪ್ಪು, ಸಕ್ಕರೆ, ನಿಂಬೆರಸದ ನೀರು. ಬರೀ ನೀರನ್ನೇ ಮಿತಿ ಮೀರಿ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಜೀವಕ್ಕೇ ಕುತ್ತು. ಓಡುವ ಹಿಂದಿನ ರಾತ್ರಿ ಮುದ್ದೆ, ಸೊಪ್ಪಿನ ಸಾರು. ಕಾಲಿನ ಎಲುಬು ಒಂದೇ ಕಡೆ ಚುಚ್ಚಿದರೆ ಹಟ ಮಾಡಬಾರದು, ನಿಲ್ಲಬೇಕು. ಅಕ್ಕ ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಿ, ಸೆರಗಿನ ತುದಿಯಲ್ಲಿ ಬೆಲ್ಲ ಕಟ್ಟಿಕೊಂಡೇ ಓಡಿದಳು. ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳದೆ ಇಂಥದ್ದಕ್ಕೆ ಇಳಿಯಬೇಡಿ.

ಒಂದು ದಿನ ಜೀಪಿನ ಬೆಳಕು ಮುಖಕ್ಕೆ ಬಿತ್ತು. ಕತ್ತಲಲ್ಲಿ ಓಡುವ ಕಪ್ಪು ಮೈಗಳು ಕಳ್ಳರಲ್ಲದೆ ಮತ್ತೇನು? ಸಾಲಾಗಿ ನಿಲ್ಲಿಸಿದರು. ಯಾರ ಮಕ್ಕಳು, ಯಾವ ಕೇರಿ ಅಂತ ವಿಚಾರಿಸಿದರು. ಹುಡುಗ ನಡುಗುತ್ತ ಕಾನ್‌ಸ್ಟೇಬಲ್ ಪರೀಕ್ಷೆ ಅಂದ. ಜೀಪಿನಲ್ಲಿದ್ದವರು '1600 ಎಷ್ಟರಲ್ಲಿ ಓಡ್ತೀಯ?' ಅಂದರು. 'ಆರು ನಿಮಿಷ ಹತ್ತು ಸೆಕೆಂಡು ಸಾರ್.' 'ಹಂಗಾದ್ರೆ ಪಾಸು, ಹೋಗು.' ನಾವೆಲ್ಲ ನಕ್ಕೆವು. ನಗು ಮುಗಿದ ಮೇಲೆ ಡೈರಿ ಹುಡುಗಿ, 'ಬೂಟು ಹಾಕ್ಕೊಂಡು ವಾಚು ಕಟ್ಕೊಂಡು ಪಾರ್ಕಲ್ಲಿ ಓಡೋರ್ನೂ ಯಾವ ಕೇರಿ ಅಂತ ಕೇಳ್ತಾರಾ?' ಅಂದಳು. ಯಾರೂ ಮಾತಾಡಲಿಲ್ಲ.

ಆದರೆ ಬೇರೆಯವರ ತಪ್ಪನ್ನೇ ಬರೆದರೆ ಈ ಬರಹ ಸುಳ್ಳಾಗುತ್ತದೆ. ಹತ್ತನೇ ವಾರದ ಭಾನುವಾರ 24 ಕಿಲೋಮೀಟರ್. ಅವತ್ತು ಏರಿ ಬಿಟ್ಟು ಆಚೆ ಹಳ್ಳಿಗಳ ರಸ್ತೆ ಹಿಡಿದಿದ್ದೆವು. ಎಲ್ಲರೂ ಒಟ್ಟಿಗೆ ಅಂತ ಮಾತಾಗಿತ್ತು. ಡೈರಿ ಹುಡುಗಿ ಅವತ್ತು ಬಂದಿರಲಿಲ್ಲ. ಐದು ಕಿಲೋಮೀಟರ್ ಆಗುವಷ್ಟರಲ್ಲಿ ಹುಡುಗರ ಕಾಲಿಗೆ ಬಿಸಿ ಏರಿತು, ಅವರ ಹಿಂದೆ ಲೈನ್‌ಮನ್ನು, ಅವನ ಹಿಂದೆ ಆಟೋದವನು, ಮೇಷ್ಟ್ರೂ. ಗಂಡಸರೆಲ್ಲ ಒಬ್ಬರನ್ನೊಬ್ಬರು ಮೀರಿಸುತ್ತ ಹೊರಟೇಬಿಟ್ಟೆವು. ಹಿಂದಿರುಗಿ ಒಬ್ಬನೂ ನೋಡಲಿಲ್ಲ. ನಾವು ಬಂದು ಏರಿ ಮೇಲೆ ಕೂತು ಬಾಳೆಹಣ್ಣು ಸುಲಿದು ತಿಂದು, ನಮ್ಮ ನಮ್ಮ ನಿಮಿಷಗಳ ಬಡಾಯಿ ಕೊಚ್ಚಿಕೊಂಡು, ಎಷ್ಟೋ ಹೊತ್ತಾದ ಮೇಲೆ ಅಕ್ಕ ಬಂದಳು. ಓಡುತ್ತ ಅಲ್ಲ, ನಡೆಯುತ್ತ. ಕೈಯಲ್ಲಿ ಒಂದು ಕಲ್ಲು. ಬೈಕಿನಲ್ಲಿ ಇಬ್ಬರು ಅವಳ ಪಕ್ಕ ನಿಧಾನ ಮಾಡಿಕೊಂಡು ಎರಡು ಕಿಲೋಮೀಟರ್ ಬಂದಿದ್ದರಂತೆ. ಏನೇನೋ ಕೇಳಿದ್ದರಂತೆ. ಅವಳು ಕಲ್ಲೆತ್ತಿಕೊಂಡು ನಿಂತ ಮೇಲೆ ಹೋದರಂತೆ.

ಅವಳು ಕೂಗಾಡಲಿಲ್ಲ. 'ಸಭೇಲಿ ಮೈಕು ಹಿಡ್ದಾಗ ಎಲ್ರೂ ಒಟ್ಟಿಗೆ ಅಂತೀರ. ಕಾಲಿಗೆ ಜೋರು ಬಂದ್ರೆ ನಾವು ನಿಮ್ ಕಣ್ಣಿಗೆ ಕಾಣಾಕಿಲ್ಲ' ಅಂದಳು. ಕಲ್ಲನ್ನು ಕೆಳಗೆ ಹಾಕಿ ಕೆಲಸಕ್ಕೆ ಹೋದಳು. ಅವತ್ತು ಅವಳಿಗೆ ತಡವಾಗಿ, ಹಾಜರಿ ಹಿಡಿಯುವವನ ಬಾಯಲ್ಲಿ ಬೈಗುಳವನ್ನೂ ತಿಂದಳು ಅಂತ ಆಮೇಲೆ ಗೊತ್ತಾಯಿತು.

ನಮ್ಮ ಪಾಡು ಕೇಳಿ. ಮೊದಲು ನೆಪ ಹುಡುಕಿದೆವು. ವೇಗ ಮುರಿದರೆ ತಯಾರಿ ಕೆಡುತ್ತೆ ಅಂದ ಒಬ್ಬ. ಅವಳೇ ಕೂಗಬಹುದಿತ್ತಲ್ಲ ಅಂದ ಇನ್ನೊಬ್ಬ. ಡೈರಿ ಹುಡುಗಿ ವಿಷಯ ತಿಳಿದು ತಾನೂ ಬರುವುದು ಬಿಟ್ಟಳು. ಮೇಷ್ಟ್ರು ಒಂದು ಸಂಜೆ ನಮ್ಮನ್ನು ಕೂರಿಸಿಕೊಂಡು ಹೇಳಿದರು: 1967ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಅನ್ನುವ ಹುಡುಗಿ ನಂಬರು ಕಟ್ಟಿಕೊಂಡು ಓಡುವಾಗ ಓಟದ ಅಧಿಕಾರಿಯೇ ಬೆನ್ನಟ್ಟಿ ಹಿಡಿದೆಳೆದು ಹೊರಹಾಕಲು ನೋಡಿದ. ಜೊತೆಯಲ್ಲಿ ಓಡುತ್ತಿದ್ದವರು ಅವನನ್ನು ತಳ್ಳಿ ಅವಳನ್ನು ಉಳಿಸಿಕೊಂಡರು. ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮ್ಯಾರಥಾನ್ ಇಟ್ಟದ್ದೇ 1984ರಲ್ಲಿ. 'ಅವಳ ಪಕ್ಕದಲ್ಲಿ ಓಡೋರು ಇದ್ದರು ಕಣ್ರಯ್ಯ. ನಮ್ಮ ಅಕ್ಕನ ಪಕ್ಕದಲ್ಲಿ ಯಾರಿದ್ದರು? ನಾನೂ ಇರಲಿಲ್ಲ' ಅಂದರು. ಮೇಷ್ಟ್ರ ಬಾಯಲ್ಲಿ ಆ ಮಾತು ಬಂದ ಮೇಲೆ ನೆಪಗಳು ಸತ್ತವು.

ಅವಳ ಮನೆಗೆ ಹೋದೆವು. ನೀರು ಹಿಡಿಯುತ್ತಿದ್ದಳು. ಕೂರಿ ಅನ್ನಲಿಲ್ಲ. ತಪ್ಪಾಯಿತು ಅಂದೆವು. ಎರಡು ಬಿಂದಿಗೆ ತುಂಬುವ ತನಕ ಸುಮ್ಮನಿದ್ದು, 'ಬತ್ತೀನಿ. ನಿಮಗೋಸ್ಕರ ಅಲ್ಲ, ನನ್ ಕಾಲಿಗೋಸ್ಕರ' ಅಂದಳು. ಆವತ್ತೇ ಒಂದು ಕಟ್ಟು ಮಾಡಿಕೊಂಡೆವು. ಮುಂದೆ ಹೋದವರು ಪ್ರತಿ ಕಿಲೋಮೀಟರಿಗೆ ಹಿಂದಕ್ಕೆ ತಿರುಗಿ, ಎಲ್ಲರಿಗಿಂತ ಹಿಂದಿರುವವರ ಬೆನ್ನ ಹಿಂದೆ ಹೋಗಿ ಮತ್ತೆ ಓಡಿಬರಬೇಕು. ಇದರಿಂದ ಹುಡುಗರಿಗೆ ದೂರ ಹೆಚ್ಚಾಯಿತು, ಅಕ್ಕನ ಪಕ್ಕ ಯಾವಾಗಲೂ ಒಬ್ಬರು ಇದ್ದರು. ಯಾರ ತಯಾರಿಯೂ ಕೆಡಲಿಲ್ಲ. ಡೈರಿ ಹುಡುಗಿ ಎರಡು ವಾರ ದೂರದಿಂದ ನೋಡಿ, ನಿಜವಾಗಿ ತಿರುಗಿ ಬರ್ತಾರೆ ಅಂತ ಖಾತ್ರಿಯಾದ ಮೇಲೆ ಬಂದಳು.

ಓಟದ ಹಿಂದಿನ ರಾತ್ರಿ ಬೆಂಗಳೂರಿನ ಹಾಸ್ಟೆಲಿನ ಒಂದೇ ರೂಮಿನಲ್ಲಿ ಗಂಡಸರು, ಪರಿಚಯದವರ ಮನೆಯಲ್ಲಿ ಹೆಂಗಸರಿಬ್ಬರು ಮಲಗಿದೆವು. ಯಾರಿಗೂ ನಿದ್ದೆ ಇಲ್ಲ. ಕತ್ತಲಲ್ಲೇ ಸಾವಿರಾರು ಜನದ ನಡುವೆ ನಿಂತೆವು. ಪೊಲೀಸರು ರಸ್ತೆ ಬಿಡಿಸಿ ನಮಗೆ ದಾರಿ ಮಾಡಿಕೊಟ್ಟರು! ನಮ್ಮನ್ನು ನಿಲ್ಲಿಸೋಕಲ್ಲ, ಕಾರುಗಳನ್ನು ನಿಲ್ಲಿಸೋಕೆ. ಹುಡುಗ ನಮ್ಮ ಕಡೆ ನೋಡಿ ಕಣ್ಣು ಮಿಟುಕಿಸಿದ. ಮೊದಲ ನೀರಿನ ಕಟ್ಟೆಯಲ್ಲಿ ಕಾಲೇಜು ಮಕ್ಕಳು ಲೋಟವನ್ನು ಕೈಗೇ ಕೊಟ್ಟು, ಓಡಿ ಅಣ್ಣ ಓಡಿ ಅಂದರು. ಲೈನ್‌ಮನ್ ಅಣ್ಣ ಲೋಟ ಹಿಡಿದು ಒಂದು ಗಳಿಗೆ ನಿಂತೇಬಿಟ್ಟ. ಆಗ ನಮಗೆ ಯಾಕೆಂದು ಹೊಳೆಯಲಿಲ್ಲ.

ಡೈರಿ ಹುಡುಗಿ ಅರ್ಧ ಮ್ಯಾರಥಾನ್ ಮುಗಿಸಿದಳು. ಪೊಲೀಸ್ ಪರೀಕ್ಷೆಯ ಹುಡುಗ ನಾಲ್ಕು ಗಂಟೆಯೊಳಗೆ ಮುಟ್ಟಿದ. ಎಲ್ಲರಿಗಿಂತ ಜೋರಾಗಿದ್ದ ಇನ್ನೊಬ್ಬ ಹುಡುಗ 31ಕ್ಕೆ ಮೀನಖಂಡ ಸೆಟೆದು ಫುಟ್‌ಪಾತಿನ ಮೇಲೆ ಬಿದ್ದ. ಆಂಬುಲೆನ್ಸಿನಲ್ಲಿ ಕೂತು ಬಂದ. ನಾವು ಮೂವರು, ಲೈನ್‌ಮನ್, ಆಟೋ, ಮೇಷ್ಟ್ರು, 34ಕ್ಕೆ ಗೋಡೆಗೆ ತಲೆ ಕೊಟ್ಟು, ಬಿಸಿಲಿನಲ್ಲಿ ಬೊಡ್ಡೆಗಳ ಹಾಗೆ ಕಾಲು ಎತ್ತಿಡುತ್ತಿದ್ದೆವು. ಅಷ್ಟರಲ್ಲಿ ಹಿಂದಿನಿಂದ ಪರಿಚಯದ ಹೆಜ್ಜೆ ಸದ್ದು. ಅಕ್ಕ. ಅದೇ ನಿಧಾನ, ಮೊದಲನೇ ಕಿಲೋಮೀಟರಿನಲ್ಲಿದ್ದಷ್ಟೇ ನಿಧಾನ. ಸೆರಗಿನಿಂದ ಬೆಲ್ಲ ಬಿಚ್ಚಿ ಮೂರು ಚೂರು ನಮ್ಮ ಕೈಗೆ ಹಾಕಿದಳು. 'ನಿಂತ್ರೆ ಮತ್ತೆ ಕಾಲು ಏಳಾಕಿಲ್ಲ. ಬನ್ನಿ' ಅಂದು ಹೊರಟೇಹೋದಳು. ನಿಲ್ಲಲಿಲ್ಲ. ನಿಲ್ಲಬಾರದಿತ್ತು ಕೂಡ. ನಮಗಿಂತ ಇಪ್ಪತ್ತು ನಿಮಿಷ ಮುಂಚೆ ಮುಗಿಸಿದಳು.

ಅವಳು ಹೋಗುವಾಗ ಒಂದು ಕಂಡೆವು. ರಸ್ತೆ ತುಂಬ ಕುಡಿದು ಎಸೆದ ಲೋಟಗಳು, ಬಾಟಲಿಗಳು. ಹಸಿರು ಕೋಟಿನ ಹೆಂಗಸರು ಅಂಚಿನಲ್ಲಿ ಪೊರಕೆ ಹಿಡಿದು ನಿಂತಿದ್ದರು. ಅಕ್ಕನ ಕೈಯಲ್ಲಿ ಮಾತ್ರ ಖಾಲಿ ಲೋಟ ಹಾಗೇ ಇತ್ತು. ಅವರಲ್ಲೊಬ್ಬಳ ಹತ್ತಿರ ಓಡಿಹೋಗಿ ಚೀಲಕ್ಕೆ ಲೋಟ ಹಾಕಿ, 'ಎಷ್ಟೊತ್ಗೆ ಬಂದ್ರಿ?' ಅಂದಳು. 'ಮೂರಕ್ಕೆ ಕಣಮ್ಮ' ಅಂದಳು ಆಕೆ. ಆಮೇಲೆ ಎದೆಯ ಮೇಲಿನ ನಂಬರು ನೋಡಿ, ನೀನು ಏನು ಕೆಲಸ ಅಂತ ಕೇಳಿದಳಂತೆ. ಅಕ್ಕ, 'ನಿಮ್ದೇ' ಅಂದಳಂತೆ.

ವಾಪಸು ರೈಲಿನಲ್ಲಿ ಬಿದ್ದುಹೋದ ಹುಡುಗ ಅಳುತ್ತಿದ್ದ. ಅವತ್ತು ನಿನ್ನ ಹಿಂದೆ ಬಿಟ್ಟೋಗಿದ್ದಕ್ಕೆ ಹಿಂಗಾಯ್ತಕ್ಕ ಅಂದ. ಅಕ್ಕ ಅವನ ಕಾಲು ತನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತ, 'ಪಾಪ ಪುಣ್ಯ ಎಲ್ಲಾ ಏನಿಲ್ಲ. ನೀರು ಕುಡೀದೆ, ಬೆಲ್ಲ ತಿನ್ದೆ ನಾಯಿ ಹಂಗೆ ಓಡ್ದೆ, ಅದಕ್ಕೆ' ಅಂದಳು. ಲೈನ್‌ಮನ್ ಅಣ್ಣ ಕಿಟಕಿ ಕಡೆ ಮುಖ ಮಾಡಿ ಕೂತಿದ್ದವನು, 'ಕೈಗೇ ಕೊಟ್ರು ಕಣ್ರೋ ಲೋಟ. ತಾತ ಇರಬೇಕಿತ್ತು' ಅಂದ. ಅಷ್ಟೇ ಅಂದ.

ಒಂದು ಓಟದಿಂದ ಏನೂ ಬದಲಾಗುವುದಿಲ್ಲ, ಅದು ನಮಗೆ ಗೊತ್ತು. ಪದಕ ಹಾಕಿಕೊಂಡು ಬಂದ ಅಕ್ಕ ಮಾರನೇ ದಿನ ಐದೂವರೆಗೆ ಪೊರಕೆ ಹಿಡಿದಳು. ಆದರೆ ಈಗ ಅವಳ ಜೊತೆ ಗುಡಿಸುವ ಇನ್ನಿಬ್ಬರು ಹೆಂಗಸರು ಏರಿ ಮೇಲೆ ಬರುತ್ತಿದ್ದಾರೆ. ನಾವು ಒಂಬತ್ತಾದೆವು. ಅಜ್ಜಿಗೆ ಹೇಳುವ ಅರ್ಧ ಉತ್ತರ ಇಷ್ಟೆ: ಯಾರ ಸಾವಿನ ಸುದ್ದಿಯನ್ನೂ ಹೊರದೆ, ಯಾರ ಏಟಿಗೂ ಹೆದರದೆ, ನಮ್ಮ ಕಾಲನ್ನು ನಮಗೋಸ್ಕರ ಓಡಿಸಿ ನೋಡಬೇಕಿತ್ತು. ಉಳಿದರ್ಧ ಇನ್ನೂ ಹುಡುಕುತ್ತಿದ್ದೇವೆ.

ಮಂಗಳವಾರ, ಗುರುವಾರ, ಶನಿವಾರ, ಭಾನುವಾರ, ಬೆಳಗಿನ ಜಾವ ಮೂರೂಮುಕ್ಕಾಲಿಗೆ ತೂಬಿನ ಹತ್ತಿರ ಸೇರುತ್ತೇವೆ. ಬ್ಯಾಟರಿ ತನ್ನಿ. ಬೆಲ್ಲ ನಾವು ತರುತ್ತೇವೆ. ಜೋರಾಗಿ ಓಡುವವರೂ ಬರಬಹುದು; ಹಿಂದಕ್ಕೆ ತಿರುಗಿ ಬರೋದು ಗೊತ್ತಿದ್ದರೆ ಸಾಕು.